ಖಾತೆಯಲ್ಲಿ ಅಮ್ಮನ ಹೆಸರು

ಅಪ್ಪ ತೀರಿಕೊಂಡದ್ದು 2024ರ ಅಕ್ಟೋಬರ್‌ನಲ್ಲಿ, ದೀಪಾವಳಿಗೆ ಹತ್ತು ದಿನ ಇರುವಾಗ. ಮರುವರ್ಷ ಏಪ್ರಿಲ್ ಬಂದ ಕೂಡಲೇ ಅಮ್ಮ ಫೋನ್ ಮಾಡಿದಳು. "ಮನೆ ಕಂದಾಯ ಕಟ್ಟಬೇಕಲ್ಲ, ಈ ತಿಂಗಳೊಳಗೆ ಕಟ್ಟಿದರೆ ನೂರಕ್ಕೆ ಐದು ಬಿಡುತ್ತಾರೆ. ನಿಮ್ಮಪ್ಪ ಒಂದು ವರ್ಷವೂ ತಪ್ಪಿಸಿದವರಲ್ಲ." ನಾನು ಶಾಲೆಯಲ್ಲಿ ಶಿಕ್ಷಕಿ. ಕೊಟ್ಟ ಊರು ತವರಿನಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಅಣ್ಣ ಪುಣೆಯಲ್ಲಿದ್ದಾನೆ. ಬೇಸಿಗೆ ರಜೆ ಶುರುವಾದ ಮರುದಿನವೇ ಹೋಗಿ ಅಮ್ಮನನ್ನು ಕರೆದುಕೊಂಡು ನಗರಸಭೆಗೆ ಹೋದೆ.

ಕೌಂಟರ್‌ನಲ್ಲಿದ್ದ ಹುಡುಗಿ ಚಲನ್ ಮುದ್ರಿಸಿ ಕೈಗಿಟ್ಟಳು. ಅಮ್ಮ ಕನ್ನಡಕ ಸರಿಮಾಡಿಕೊಂಡು ಮೊದಲ ಸಾಲಿನ ಮೇಲೆ ಬೆರಳಿಟ್ಟಳು. ಅಲ್ಲಿ ಅಪ್ಪನ ಹೆಸರಿತ್ತು. "ಪೌತಿ ಖಾತೆ ಮಾಡಿಸಿಕೊಳ್ಳಿ ಅಮ್ಮ, ತಡ ಮಾಡಬೇಡಿ. ಈಗ ಇ-ಖಾತೆ ಇಲ್ಲದೆ ಯಾವ ನೋಂದಣಿಯೂ ಆಗುವುದಿಲ್ಲ" ಎಂದಳು ಆ ಹುಡುಗಿ. ಪೌತಿ ಖಾತೆ ಎಂದರೆ ತೀರಿಕೊಂಡವರ ಹೆಸರಿನಲ್ಲಿರುವ ಸ್ವತ್ತಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು, ಇ-ಖಾತೆ ಎಂದರೆ ಖಾತೆಯ ಗಣಕೀಕೃತ ರೂಪ. ಅಮ್ಮ ತಲೆಯಾಡಿಸಿದಳು. ಆಟೊದಲ್ಲಿ ಮನೆಗೆ ಬರುವಾಗ ಮಾತ್ರ ಕೇಳಿದಳು: "ಅವರ ಹೆಸರು ತೆಗೆಸುವುದಕ್ಕೆ ಅಷ್ಟೇನು ಅವಸರ?"

ಅವಸರವಿತ್ತು. ಮನೆಯ ಹಿಂಭಾಗದ ಗೋಡೆ ಮಳೆಗಾಲದಲ್ಲಿ ನೀರು ಕುಡಿಯುತ್ತಿತ್ತು. ರಿಪೇರಿಗೆ ಸಾಲ ಕೇಳಿದರೆ ಬ್ಯಾಂಕಿನವರು ಕೇಳುವ ಮೊದಲ ಕಾಗದವೇ ಖಾತೆ. ಅದಕ್ಕಿಂತ ಹೆಚ್ಚಾಗಿ, ಅಮ್ಮ ಬದುಕಿರುವಾಗಲೇ ಅವಳು ಬಾಳಿದ ಮನೆಯ ಕಾಗದದಲ್ಲಿ ಅವಳ ಹೆಸರು ಕಾಣಬೇಕೆಂದು ನನಗೆ ಅನ್ನಿಸಿತು. ಪಡಿತರ ಚೀಟಿ, ಮತದಾರರ ಪಟ್ಟಿ ಬಿಟ್ಟರೆ ಅವಳ ಹೆಸರು ಬರೆದ ಸರ್ಕಾರಿ ಕಾಗದ ನಮ್ಮ ಮನೆಯಲ್ಲಿ ಇರಲೇ ಇಲ್ಲ.

ನಗರಸಭೆಯ ಗೇಟಿನೆದುರು ಒಂದು ಜೆರಾಕ್ಸ್ ಅಂಗಡಿ ಇದೆ. ಅಲ್ಲಿ ಅರ್ಜಿ ನಮೂನೆ ಕೇಳಿದಾಗ ಪಕ್ಕದಲ್ಲಿ ಕುಳಿತಿದ್ದ ಒಬ್ಬರು ತಾವಾಗಿಯೇ ಮಾತಿಗೆ ಬಂದರು. "ಎಂಟು ಸಾವಿರ ಕೊಡಿ ಮೇಡಂ, ನೀವು ಓಡಾಡುವುದೇ ಬೇಡ. ನಿಮ್ಮ ಅಣ್ಣನವರ ಹೆಸರಿಗೆ ಮಾಡಿಸಿಬಿಡೋಣ. ನೀವು ಒಂದು ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟರೆ ಸಾಕು." ದನಿಯಲ್ಲಿ ದಬ್ಬಾಳಿಕೆಯೇನೂ ಇರಲಿಲ್ಲ, ಊರಿನ ವಾಡಿಕೆ ಹೇಳುವವರಂತೆ ಹೇಳಿದರು. ಅದೇ ನನ್ನನ್ನು ಚುಚ್ಚಿತು. ಎಷ್ಟು ಮನೆಗಳಲ್ಲಿ ತಾಯಿಯನ್ನೂ ಹೆಣ್ಣುಮಕ್ಕಳನ್ನೂ ಒಂದು ಮಾತು ಕೇಳದೆ ಇದೇ ವಾಡಿಕೆಯ ಪ್ರಕಾರ ಕಾಗದ ಸಿದ್ಧವಾಗಿರಬಹುದು!

ಇಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ, ಬೇರೆಯವರಿಗೂ ಉಪಯೋಗಕ್ಕೆ ಬರಬಹುದು. ಅಪ್ಪ ಉಯಿಲು ಬರೆದಿರಲಿಲ್ಲ. ಅದು ಅವರು ಅಂಚೆ ಕಚೇರಿಯ ಗುಮಾಸ್ತರಾಗಿ ದುಡಿದು 1989ರಲ್ಲಿ ಕೊಂಡ ನಿವೇಶನ, ಸ್ವಯಾರ್ಜಿತ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ಯಾರೂ ಯಾರಿಗೂ ಏನನ್ನೂ ಬಿಟ್ಟುಕೊಡದೆ ಮೂವರ ಹೆಸರಿಗೂ ಜಂಟಿಯಾಗಿ ಪೌತಿ ಖಾತೆ ಮಾಡಿಸಬಹುದು, ಅದಕ್ಕೆ ಬಿಡುಗಡೆ ಪತ್ರ ಬೇಕಿಲ್ಲ. ಒಬ್ಬರ ಹೆಸರಿಗೇ ಬೇಕೆಂದಾಗ ಮಾತ್ರ ಉಳಿದವರು ನೋಂದಾಯಿತ ಪತ್ರದ ಮೂಲಕ ಹಕ್ಕು ಬಿಡಬೇಕಾಗುತ್ತದೆ. ಇನ್ನೊಂದು ಮಾತು: ಖಾತೆ ಹಕ್ಕುಪತ್ರವಲ್ಲ. ಸ್ವತ್ತಿನ ತೆರಿಗೆಯನ್ನು ಯಾರಿಂದ ವಸೂಲು ಮಾಡಬೇಕು ಎಂದು ಸ್ಥಳೀಯ ಸಂಸ್ಥೆ ಇಟ್ಟುಕೊಂಡ ಲೆಕ್ಕ ಅದು. ಹಕ್ಕು ಬರುವುದು ಕ್ರಯಪತ್ರದಿಂದ, ವಾರಸಿಕೆಯಿಂದ. ಆದರೂ ನಮ್ಮ ಊರುಗಳಲ್ಲಿ "ಖಾತೆ ಯಾರ ಹೆಸರಿಗಿದೆ?" ಎಂದೇ ಕೇಳುತ್ತಾರೆ. ಕೇಳುವ ಪ್ರಶ್ನೆ ಅದಾಗಿರುವುದರಿಂದಲೇ ಅಲ್ಲಿ ಅಮ್ಮನ ಹೆಸರಿರುವುದು ಮುಖ್ಯ.

ಆ ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದ: "ಮೂವರದ್ದೂ ಹಾಕಿಸು. ಅಮ್ಮನದು ಮೊದಲು ಬರಲಿ."

ಕಾಗದ ಕೂಡಿಸುವುದಕ್ಕೇ ಏಳು ವಾರ ಹಿಡಿಯಿತು. ಮರಣ ಪ್ರಮಾಣಪತ್ರಕ್ಕೆ ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾಯಿತು. ಅಪ್ಪ ಕೊನೆಯುಸಿರೆಳೆದದ್ದು ಅಲ್ಲಿನ ಆಸ್ಪತ್ರೆಯಲ್ಲಿ, ಸಾವು ಎಲ್ಲಿ ಸಂಭವಿಸಿತೋ ಅಲ್ಲಿಯೇ ನೋಂದಣಿಯಾಗುತ್ತದೆ, ಮನೆ ಇರುವ ಊರಿನಲ್ಲಲ್ಲ. ಆಸ್ಪತ್ರೆಯವರು 21 ದಿನಗಳೊಳಗೆ ವರದಿ ಕಳಿಸಿದ್ದರಿಂದ ತೊಂದರೆಯಾಗಲಿಲ್ಲ. ವಂಶವೃಕ್ಷಕ್ಕೆ ನಾಡಕಚೇರಿ. ಅದಕ್ಕೊಂದು ಅಫಿಡವಿಟ್, ಅದಕ್ಕೆ 100 ರೂಪಾಯಿಯ ಇ-ಸ್ಟಾಂಪ್ ಕಾಗದ, ನೆರೆಯವರ ಸಾಕ್ಷಿ, ಗ್ರಾಮ ಆಡಳಿತಾಧಿಕಾರಿಯ ವರದಿ. ಸ್ವತ್ತಿನ ಮೇಲೆ ಸಾಲ-ಹೊಣೆ ಇದೆಯೇ ಎಂದು ತೋರಿಸುವ ಋಣಭಾರ ಪತ್ರವನ್ನು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಮನೆಯಲ್ಲಿಯೇ ಕುಳಿತು ತೆಗೆದೆ. ಗಣಕೀಕರಣಕ್ಕೂ ಹಿಂದಿನ ವರ್ಷಗಳದ್ದಕ್ಕೆ ಮಾತ್ರ ಉಪನೋಂದಣಾಧಿಕಾರಿ ಕಚೇರಿಗೆ ಹೋಗಿ ಕೈಬರಹದ ಸೂಚಿ ಹುಡುಕಿಸಬೇಕಾಯಿತು.

ಜೂನ್ ಕೊನೆಯ ವಾರ ಅರ್ಜಿ ಹಿಡಿದು ಕಂದಾಯ ಶಾಖೆಗೆ ಹೋದೆ. ಆ ದಿನಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಅನಧಿಕೃತ ಬಡಾವಣೆಗಳ ಸ್ವತ್ತುಗಳಿಗೆ ಬಿ ಖಾತೆ ಕೊಡುವ ಅಭಿಯಾನ 2025ರ ಫೆಬ್ರುವರಿಯಲ್ಲಿ ಶುರುವಾಗಿತ್ತು, ಅದರ ಜನ ಇನ್ನೂ ಕರಗಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ನಿಂತವಳಿಗೆ ಕಡತ ನೋಡುವ ವಿಷಯ ನಿರ್ವಾಹಕರ ಮುಂದಿನ ಕುರ್ಚಿ ಸಿಕ್ಕಿದ್ದು ಒಂದೂವರೆಗೆ. ಅವರಿಗೆ ಐವತ್ತರ ಆಸುಪಾಸು. ಮೇಜಿನ ಮೇಲೆ ಕಡತಗಳ ನಡುವೆ ಊಟದ ಡಬ್ಬಿ, ಇನ್ನೂ ತೆರೆದಿರಲಿಲ್ಲ.

"ಅಣ್ಣನವರು ಬಂದಿಲ್ಲವೇ?" ಎಂದು ಕೇಳಿದರು.

"ಇಲ್ಲ ಸರ್, ಸಹಿ ಮಾಡಿ ಕಳಿಸಿದ್ದಾರೆ. ಓಡಾಡುವವಳು ನಾನೇ."

ಕಾಗದಗಳನ್ನು ಒಂದೊಂದಾಗಿ ತಿರುವಿದವರು ಎರಡು ಕಡೆ ನಿಂತರು. ಮೊದಲನೆಯದು, 2008-09ರ ತೆರಿಗೆ ಬಾಕಿ ಎಂದು ಗಣಕಯಂತ್ರ ತೋರಿಸುತ್ತಿತ್ತು. 412 ರೂಪಾಯಿ. ಜುಲೈನಿಂದ ತಿಂಗಳಿಗೆ ಶೇ 2ರಂತೆ ದಂಡ ಏರುತ್ತದೆ. ಹದಿನೇಳು ವರ್ಷಕ್ಕೆ ಅದು 1,681 ರೂಪಾಯಿಯಾಗಿ, ಅಸಲಿನ ನಾಲ್ಕು ಪಟ್ಟು ದಾಟಿತ್ತು. ಎರಡನೆಯದು ಹಣದಿಂದ ತೀರುವಂಥದ್ದಲ್ಲ. ಕ್ರಯಪತ್ರ, ಆಧಾರ್, ಮರಣ ಪ್ರಮಾಣಪತ್ರ ಎಲ್ಲದರಲ್ಲಿಯೂ ಅಪ್ಪನ ಹೆಸರಿನ ಕೊನೆಗೆ 'ಪ್ಪ' ಎಂದಿತ್ತು. ನಗರಸಭೆಯ ದಾಖಲೆಯಲ್ಲಿ ಮಾತ್ರ 'ಯ್ಯ'. ಏಪ್ರಿಲ್‌ನಲ್ಲಿ ಚಲನ್ ನೋಡಿದಾಗ ನಾವಿಬ್ಬರೂ ಅದನ್ನು ಗಮನಿಸಿರಲಿಲ್ಲ.

"ಇಬ್ಬರೂ ಒಬ್ಬರೇ ಎಂದು ನಾನು ಹೇಗೆ ಬರೆಯಲಿ ಮೇಡಂ? ನಾಳೆ ಯಾರಾದರೂ ಬಂದು ಆ ಹೆಸರಿನವರು ನಮ್ಮ ತಾತ ಎಂದರೆ ಉತ್ತರ ಹೇಳಬೇಕಾದವನು ನಾನು" ಎಂದರು. ಆಗ ಕೋಪ ಬಂತು. ಬಸ್ಸಿನಲ್ಲಿ ಕುಳಿತು ಯೋಚಿಸಿದಾಗ ಅವರ ಮಾತಿನಲ್ಲಿ ತಪ್ಪಿಲ್ಲ ಅನ್ನಿಸಿತು. ನಮ್ಮ ಕಡೆ 'ಪ್ಪ'ಕ್ಕೂ 'ಯ್ಯ'ಕ್ಕೂ ಇರುವ ವ್ಯತ್ಯಾಸ ಒಂದು ಅಕ್ಷರದ್ದಲ್ಲ, ಒಮ್ಮೊಮ್ಮೆ ಮನೆತನವೇ ಬೇರೆಯಾಗಿಬಿಡುತ್ತದೆ.

ಅಪ್ಪನ ಟ್ರಂಕನ್ನು ಅಟ್ಟದಿಂದ ಇಳಿಸಿದ್ದು ಆ ಭಾನುವಾರ. ಹಸಿರು ಬಣ್ಣದ ತಗಡಿನ ಟ್ರಂಕು, ಮುಚ್ಚಳದ ಒಳಗಡೆ ಹಳೆಯ ಅಂಚೆ ಇಲಾಖೆಯ ಕ್ಯಾಲೆಂಡರಿನ ಹಾಳೆ ಅಂಟಿಸಿದ್ದರು. ಒಂದೊಂದು ವರ್ಷಕ್ಕೂ ಒಂದೊಂದು ಖಾಕಿ ಲಕೋಟೆ, ಮೇಲೆ ದುಂಡಗಿನ ಅಕ್ಷರದಲ್ಲಿ ಆರ್ಥಿಕ ವರ್ಷ. ಒಳಗೆ ಮನೆ ಕಂದಾಯ, ನೀರಿನ ಕಂದಾಯ, ವಿದ್ಯುತ್ ಬಿಲ್ಲು, ಬೇರೆ ಬೇರೆ ಗುಂಡುಸೂಜಿಯಲ್ಲಿ. 2008-09ರ ಲಕೋಟೆಯಲ್ಲಿ ರಸೀದಿ ಇತ್ತು. ಏಪ್ರಿಲ್ 21ರ ಮೊಹರು, ಶೇ 5 ರಿಯಾಯಿತಿ ಕಳೆದ ಮೊತ್ತ. ಹಣ ಪಾವತಿಯಾಗಿತ್ತು, ಕಚೇರಿಯಲ್ಲಿ ಗಣಕಕ್ಕೆ ಏರಿಸುವಾಗ ಒಂದು ಸಾಲು ಬಿಟ್ಟುಹೋಗಿತ್ತು, ಅಷ್ಟೇ.

1997-98ರ ಲಕೋಟೆ ಉಳಿದವುಗಳಿಗಿಂತ ದಪ್ಪಗಿತ್ತು. ಬಿಚ್ಚಿದರೆ ಒಂದು ಕಾರ್ಬನ್ ಪ್ರತಿ. "ಮುಖ್ಯಾಧಿಕಾರಿಗಳು, ಪುರಸಭೆ ಇವರಿಗೆ" ಎಂದು ಶುರುವಾಗುವ ಅರ್ಜಿ. ನಮ್ಮ ಊರು ಆಗಿನ್ನೂ ಪುರಸಭೆ. ಜನಸಂಖ್ಯೆ 50,000 ದಾಟಿ ನಗರಸಭೆಯಾಗಿ, ಮುಖ್ಯಾಧಿಕಾರಿಯ ಫಲಕ ಹೋಗಿ ಪೌರಾಯುಕ್ತರ ಫಲಕ ಬಂದದ್ದು ಆಮೇಲೆ. ಅರ್ಜಿಯ ವಿಷಯ: ಮನೆ ಕಂದಾಯದ ರಸೀದಿಯಲ್ಲಿ ನನ್ನ ಹೆಸರು ತಪ್ಪಾಗಿ ನಮೂದಾಗಿದ್ದು, ಕ್ರಯಪತ್ರದಂತೆ ತಿದ್ದುಪಡಿ ಮಾಡಿಕೊಡಬೇಕೆಂದು ಕೋರಿಕೆ. ಕೆಳಗೆ ಅಪ್ಪನ ಸಹಿ. ಎಡಬದಿಯಲ್ಲಿ ನೇರಳೆ ಶಾಯಿಯ ದುಂಡು ಮೊಹರು, ಅದರ ಮೇಲೆ ಸ್ವೀಕರಿಸಿದ ದಿನಾಂಕ, ಆವಕ ಸಂಖ್ಯೆ. ಅದರ ಹಿಂದೆಯೇ ಇನ್ನೆರಡು ಜ್ಞಾಪನಾ ಪತ್ರಗಳು, ಒಂದು 1999ರದ್ದು, ಒಂದು 2002ರದ್ದು. ಎರಡಕ್ಕೂ ಮೊಹರು ಇತ್ತು, ಉತ್ತರ ಯಾವುದಕ್ಕೂ ಇರಲಿಲ್ಲ.

ಅಮ್ಮ ಆ ಹಾಳೆಯನ್ನು ಮಡಿಲಿನಲ್ಲಿ ಇಟ್ಟುಕೊಂಡು ಬಹಳ ಹೊತ್ತು ಕುಳಿತಿದ್ದಳು. "ನನಗೆ ಇದನ್ನೆಲ್ಲ ಹೇಳಿಯೇ ಇರಲಿಲ್ಲ" ಎಂದಳು. ಪ್ರತಿ ವರ್ಷ ತಪ್ಪು ಹೆಸರಿನ ರಸೀದಿಗೆ ಹಣ ಕಟ್ಟಿ, ಅದನ್ನು ಸರಿಯಾದ ಲಕೋಟೆಯಲ್ಲಿ ಇಡುತ್ತ ಹೋದ ಆ ಮನುಷ್ಯನನ್ನು ನೆನೆದು ನನಗೂ ಮಾತು ಹೊರಡಲಿಲ್ಲ. ಐದು ನಿಮಿಷದ ಕೆಲಸ ಅದು. ಕ್ರಯಪತ್ರ ನೋಡಿ ಒಂದು ಅಕ್ಷರ ತಿದ್ದಿ, ಪಕ್ಕದಲ್ಲಿ ಒಂದು ಸಹಿ ಹಾಕುವ ಕೆಲಸ. ಅದಕ್ಕೆ ಇಪ್ಪತ್ತೆಂಟು ವರ್ಷ ಕಳೆದಿತ್ತು.

ಮುಂದಿನ ವಾರ ಆ ಮೂರು ಪತ್ರಗಳನ್ನು ವಿಷಯ ನಿರ್ವಾಹಕರ ಮುಂದಿಟ್ಟೆ. ಅವರು ಮೊಹರನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಸಹಾಯಕನನ್ನು ಕರೆದು, "ಹಳೆಯ ಕೆಎಂಎಫ್-24 ತೆಗೆಯಪ್ಪ" ಎಂದರು. ಮನೆ ಕಂದಾಯದ ಲೆಕ್ಕ ಬರೆಯುವ ವಹಿ ಅದು. ದಾಖಲೆ ಕೊಠಡಿಯಿಂದ ಅವನು ಎರಡೂ ಕೈಯಲ್ಲಿ ತಬ್ಬಿಕೊಂಡು ತಂದ ವಹಿ ಅರ್ಧ ಮೇಜನ್ನು ಆಕ್ರಮಿಸಿತು. ಕೆಂಪು ಬಟ್ಟೆಯ ಬೆನ್ನು, ಮೂಲೆಗಳಲ್ಲಿ ಗೆದ್ದಲು ತಿಂದ ಗುರುತು. ಹಾಳೆಗಳನ್ನು ಒಂದೊಂದಾಗಿ ಎತ್ತಿ ಮಗುಚಿದರು, ಎಳೆದರೆ ಹರಿಯುವಷ್ಟು ಹಳೆಯವು. ನಮ್ಮ ವಾರ್ಡಿನ ಪುಟ ಬಂತು. ನೀಲಿ ಶಾಯಿಯಲ್ಲಿ ಅಪ್ಪನ ಹೆಸರು. ಬರೆದವರು 'ಪ್ಪ' ಎಂದೇ ಬರೆದಿದ್ದರು! ಒತ್ತಿನ ಕೆಳಗೆ ಶಾಯಿ ಹರಡಿ ಅದು 'ಯ್ಯ'ದಂತೆ ಕಾಣುತ್ತಿತ್ತು. ಮುಂದಿನ ವಹಿಗೆ ನಕಲು ಮಾಡಿದವರು ಹಾಗೆ ಓದಿಕೊಂಡಿದ್ದರು, ಅದನ್ನು ನೋಡಿ ಗಣಕಕ್ಕೆ ಏರಿಸಿದವರೂ ಹಾಗೆಯೇ ಏರಿಸಿದ್ದರು.

ವಿಷಯ ನಿರ್ವಾಹಕರು ಭೂತಗನ್ನಡಿ ಇಟ್ಟು ನೋಡಿದರು, ನನಗೂ ತೋರಿಸಿದರು. "ನಿಮ್ಮ ತಂದೆ ಅರ್ಜಿ ಕೊಟ್ಟಾಗಲೇ ಯಾರಾದರೂ ಈ ವಹಿ ತೆಗೆದಿದ್ದರೆ ಸಾಕಿತ್ತು ಮೇಡಂ" ಎಂದರು. ಆಗ ಅವರು ಈ ಕಚೇರಿಯಲ್ಲಿ ಇರಲಿಲ್ಲ. ಆದರೂ ಆ ಮಾತನ್ನು ತಮ್ಮದೇ ತಪ್ಪು ಎನ್ನುವ ದನಿಯಲ್ಲಿ ಹೇಳಿದರು. ಅವರ ಬಗ್ಗೆ ನನ್ನಲ್ಲಿ ಇವತ್ತಿಗೂ ಗೌರವವಿರುವುದು ಅದಕ್ಕೆ. ನನ್ನ ಮುಂದೆಯೇ ಟಿಪ್ಪಣಿ ಬರೆದು, ಮೂಲ ವಹಿಯ ಪುಟದ ನಕಲನ್ನೂ ಅಪ್ಪನ ಪತ್ರಗಳನ್ನೂ ಕಡತಕ್ಕೆ ಸೇರಿಸಿದರು. 2008-09ರ ಬಾಕಿಯನ್ನು ರಸೀದಿಯ ಆಧಾರದಲ್ಲಿ ತೆಗೆಸಿದರು. ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ 'ಸಕಾಲ' ಯೋಜನೆಯ ಸ್ವೀಕೃತಿಯನ್ನು ನಾನು ಕೇಳಿ ಪಡೆದೆ. ಅದರಲ್ಲಿ ಅರ್ಜಿಯ ಸಂಖ್ಯೆ, ವಿಲೇವಾರಿಯಾಗಬೇಕಾದ ದಿನಾಂಕ ಎರಡೂ ಇರುತ್ತವೆ. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಹಕ್ಕು ಅರ್ಜಿದಾರರಿಗಿದೆ. ಮೊತ್ತ ದೊಡ್ಡದಲ್ಲ. ಅಪ್ಪನ ಕಾಲದಲ್ಲಿ ಇದ್ದದ್ದು ಬರೀ ಮೊಹರು, ಈಗ ಗಡುವಿನ ದಿನಾಂಕವಿದೆ. ಅರ್ಜಿ ಕೊಟ್ಟವರು ಈ ಚೀಟಿ ಇಲ್ಲದೆ ಕಚೇರಿಯಿಂದ ಹೊರಗೆ ಬರಬಾರದು.

ಸ್ಥಳ ಪರಿಶೀಲನೆಗೆ ಬಿಲ್ ಕಲೆಕ್ಟರ್ ಬಂದದ್ದು ಜುಲೈ ಮಧ್ಯದಲ್ಲಿ, ಜಿಟಿಜಿಟಿ ಮಳೆಯಲ್ಲಿ. ನಾಲ್ಕು ವಾರ್ಡುಗಳ ಹೊಣೆ ಇದ್ದ ಯುವಕ. ಬೈಕಿನ ಹಿಂದಿನ ಸೀಟಿಗೆ ಪ್ಲಾಸ್ಟಿಕ್ ಸುತ್ತಿದ ಕಡತಗಳನ್ನು ಕಟ್ಟಿಕೊಂಡಿದ್ದ. ಕ್ರಯಪತ್ರದ ಚಕ್ಕುಬಂದಿಯನ್ನು ಜೋರಾಗಿ ಓದಿದ: "ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಕನ್ಸರ್ವೆನ್ಸಿ ಓಣಿ, ಉತ್ತರಕ್ಕೆ ಖಾಲಿ ನಿವೇಶನ, ದಕ್ಷಿಣಕ್ಕೆ ಹುಣಸೆ ಮರವಿರುವ ಜಾಗ." ಉತ್ತರದ ಖಾಲಿ ನಿವೇಶನದಲ್ಲಿ ಈಗ ಮೂರು ಅಂತಸ್ತಿನ ಮನೆ. ಹುಣಸೆ ಮರ ನಾನು ಹೈಸ್ಕೂಲಿನಲ್ಲಿದ್ದಾಗಲೇ ಹೋಯಿತು. "ಮರ ಎಲ್ಲಿತ್ತು ಅಜ್ಜಿ?" ಎಂದು ಕೇಳಿದ. ಅಮ್ಮ ಕೊಡೆ ಹಿಡಿದು ಕಾಂಪೌಂಡಿನ ಪಕ್ಕಕ್ಕೆ ನಡೆದು ಒಂದು ಜಾಗದಲ್ಲಿ ನಿಂತಳು. "ಇಲ್ಲಿ. ಇದರ ಬೇರು ನಮ್ಮ ತಳಪಾಯಕ್ಕೆ ಬರುತ್ತದೆ ಎಂದು ಅವರು ಹೆದರುತ್ತಿದ್ದರು."

ಟೇಪಿನ ಒಂದು ತುದಿಯನ್ನು ನಾನು ಹಿಡಿದೆ. ಕ್ರಯಪತ್ರದಲ್ಲಿ 30×40 ಅಡಿ, ಎಂದರೆ ಸುಮಾರು 111.5 ಚದರ ಮೀಟರ್. ಅಳತೆ ಅದಕ್ಕೇ ಬಂತು, ಅರ್ಧ ಅಡಿಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅದು ಬರೆದಂತೆಯೇ ಇರುವುದು ಕಂಡು ಆ ಹುಡುಗನಿಗೆ ಸಂತೋಷವಾಯಿತು. "ಅಳೆದ ಮನೆಗಳಲ್ಲಿ ಹೀಗೆ ಸಿಗುವುದು ಕಡಿಮೆ" ಎಂದ. ಆಮೇಲೆ ಮೊಬೈಲ್ ತೆಗೆದು, "ಅಜ್ಜಿ, ಬಾಗಿಲ ಹತ್ತಿರ ನಿಂತುಕೊಳ್ಳಿ, ಮನೆಯ ಜೊತೆ ನಿಮ್ಮ ಫೋಟೊ ಬೇಕು" ಎಂದ. ಅಮ್ಮ "ಒಂದು ನಿಮಿಷ" ಎಂದು ಒಳಗೆ ಹೋದವಳು ಸೀರೆ ಬದಲಿಸಿ, ತಲೆ ಬಾಚಿ ಬಂದಳು. ಮಳೆಯಲ್ಲಿ ಅವನು ತಾಳ್ಮೆಯಿಂದ ಕಾದ. ಅವನಿಗೆ ಇನ್ನೂ ಆರು ಮನೆ ಬಾಕಿ ಇದ್ದವು. ಕಾಫಿ ಕುಡಿದು ಹೊರಡುವಾಗ ಏನೂ ಕೇಳಲಿಲ್ಲ, ನಾನೂ ಏನೂ ಕೊಡಲಿಲ್ಲ.

ಆಮೇಲೆ ಆಕ್ಷೇಪಣೆಗೆ 30 ದಿನಗಳ ನೋಟಿಸು. ಕಚೇರಿಯ ಸೂಚನಾ ಫಲಕದಲ್ಲಿ ಅದನ್ನು ಅಂಟಿಸಿದ ದಿನ ಹೋಗಿ ನೋಡಿದೆ. ಟೆಂಡರ್ ಪ್ರಕಟಣೆ, ನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆಯ ಪ್ರಕಟಣೆಗಳ ನಡುವೆ ಅಪ್ಪನ ಹೆಸರು, ಪಕ್ಕದಲ್ಲಿ "ಮೃತ" ಎಂಬ ಪದ. ಅದನ್ನು ಓದುವುದು ಕಷ್ಟವಾಯಿತು. ಅಲ್ಲಿಂದ ಎದ್ದು ಎದುರಿನ ನಗರ ಕೇಂದ್ರ ಗ್ರಂಥಾಲಯಕ್ಕೆ ಹೋದೆ. ನಿವೃತ್ತಿಯಾದ ಮೇಲೆ ಅಪ್ಪ ದಿನವೂ ಬೆಳಿಗ್ಗೆ ಅಲ್ಲಿ ಪತ್ರಿಕೆ ಓದುತ್ತಿದ್ದರು. ನಾವು ಕಟ್ಟುವ ಮನೆ ಕಂದಾಯದ ಮೇಲೆ ಶೇ 15 ಆರೋಗ್ಯ ಕರ, ಶೇ 3 ಭಿಕ್ಷುಕರ ಕರದ ಜೊತೆ ಶೇ 6 ಗ್ರಂಥಾಲಯ ಕರವೂ ಇರುತ್ತದೆ. ಅದು ಸಾರ್ವಜನಿಕ ಗ್ರಂಥಾಲಯಗಳಿಗೆ ಸಲ್ಲಬೇಕಾದ ಹಣ. ಅಪ್ಪ ನಮಗೆ ಅದನ್ನು ಹೇಳುತ್ತಿದ್ದರು, "ಆ ಬೆಂಚಿನಲ್ಲಿ ನನ್ನದೂ ಒಂದು ಕಾಲು ಇದೆ" ಎಂದು. ಕಿಟಕಿಯ ಪಕ್ಕದ ಅದೇ ಬೆಂಚಿನಲ್ಲಿ ಅರ್ಧ ಗಂಟೆ ಕುಳಿತು ಎದ್ದು ಬಂದೆ.

ಆಕ್ಷೇಪಣೆ ಯಾರದೂ ಬರಲಿಲ್ಲ. ಕಂದಾಯ ನಿರೀಕ್ಷಕರು, ಕಂದಾಯ ಅಧಿಕಾರಿ, ಪೌರಾಯುಕ್ತರು ಹೀಗೆ ಕಡತ ಮೇಲಕ್ಕೆ ಹೋಗಿ ಬರುವುದಕ್ಕೆ ಇನ್ನೊಂದಿಷ್ಟು ದಿನ. ಎರಡು ಸಲ ಸರ್ವರ್ ಇಲ್ಲವೆಂದು ವಾಪಸ್ಸು ಬಂದೆ. ಸೆಪ್ಟೆಂಬರ್‌ನಲ್ಲಿ ಕರಡು ಪ್ರತಿ ಕೊಟ್ಟು, "ಚೆನ್ನಾಗಿ ಓದಿ ನೋಡಿ, ಡಿಜಿಟಲ್ ಸಹಿ ಬಿದ್ದ ಮೇಲೆ ತಿದ್ದುವುದು ಕಷ್ಟ" ಎಂದರು. ಅಲ್ಲಿಯೇ ಗೋಡೆಗೆ ಒರಗಿ ನಿಂತು ಅಕ್ಷರ ಅಕ್ಷರ ಓದಿದೆ. ಹೆಸರುಗಳು ಸರಿಯಿದ್ದವು. ಪೂರ್ವದ ರಸ್ತೆ ಪಶ್ಚಿಮಕ್ಕೆ ಹೋಗಿ ಕುಳಿತಿತ್ತು. ಹೇಳಿದ ಕೂಡಲೇ ಸರಿಪಡಿಸಿದರು. ಓದದೆ ಸರಿ ಎಂದಿದ್ದರೆ ಅದಕ್ಕೆ ಇನ್ನೊಂದು ಅರ್ಜಿ, ಇನ್ನೊಂದು ಮೊಹರು.

ಇ-ಖಾತೆಯ ಕಾಗದವಾದ ನಮೂನೆ-3 ಕೈಗೆ ಬಂದದ್ದು ಸೆಪ್ಟೆಂಬರ್ 24ರಂದು. ಹಿಂದಿನ ದಿನ ಪೌರಕಾರ್ಮಿಕರ ದಿನಾಚರಣೆ ನಡೆದಿತ್ತು, ಆವರಣದಲ್ಲಿ ಶಾಮಿಯಾನ ಇನ್ನೂ ಬಿಚ್ಚಿರಲಿಲ್ಲ. ಸನ್ಮಾನದ ಶಾಲು ಹೊದ್ದ ಹೆಂಗಸೊಬ್ಬರು ಆಗಲೇ ಪೊರಕೆ ಹಿಡಿದು ಅದರ ಕೆಳಗೆ ಗುಡಿಸುತ್ತಿದ್ದರು. ವಿಷಯ ನಿರ್ವಾಹಕರು ಕಾಗದ ಕೊಡುವ ಮೊದಲು ಹಳೆಯ ವಹಿಯ ಆ ಪುಟವನ್ನು ಮತ್ತೆ ತೆಗೆದು ತೋರಿಸಿದರು. ಅಪ್ಪನ ಹೆಸರನ್ನು ಹೊಡೆದು ಹಾಕಿರಲಿಲ್ಲ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಆದೇಶದ ಸಂಖ್ಯೆ, ದಿನಾಂಕ, ಆಮೇಲೆ ಅಮ್ಮನ ಹೆಸರು, ಅಣ್ಣನದು, ನನ್ನದು.

ಮನೆಗೆ ಬಂದು ಅಮ್ಮನ ಕೈಗೆ ಕೊಟ್ಟೆ. ಬಾಗಿಲಲ್ಲಿ ನಿಂತ ತನ್ನ ಫೋಟೊವನ್ನು ನೋಡಿದಳು, ಹೆಸರಿನ ಮೇಲೆ ಬೆರಳಾಡಿಸಿದಳು. "ವಹಿಯಲ್ಲಿ ಅವರ ಹೆಸರು ಹಾಗೆಯೇ ಇದೆಯೇ?" ಎಂದು ಕೇಳಿದಳು. ಇದೆ, ನಿನ್ನದು ಅದರ ಕೆಳಗಿದೆ ಎಂದೆ. ಒಳಗೆ ಹೋಗಿ ಖಾಕಿ ಲಕೋಟೆ ಹುಡುಕಿ ತಂದು, ಅದರ ಮೇಲೆ ತನ್ನ ಕೈಯಾರೆ 2025-26 ಎಂದು ಬರೆದಳು.

ನೀರಿನ ಸಂಪರ್ಕದ ಹೆಸರು ಬದಲಾವಣೆಗೆ ಬೇರೆ ಅರ್ಜಿ ಹಾಕಬೇಕು, ನೀರು ಸರಬರಾಜು ಶಾಖೆಯಲ್ಲಿ. ಸೋಮವಾರ ಹೋಗೋಣವೇ ಎಂದು ಕೇಳಿದೆ. ಅಮ್ಮ ಲಕೋಟೆಯನ್ನು ಟ್ರಂಕಿನಲ್ಲಿಟ್ಟು ಮುಚ್ಚಳ ಹಾಕಿದಳು.

"ಅದು ಅವರ ಹೆಸರಿನಲ್ಲಿಯೇ ಇರಲಿ ಬಿಡೇ" ಎಂದಳು.